ಯೂಸುಫರ ಕೋವಿ

ಕೊಲ್ಲಿ ನಾಡಿನ ರಾಸ್ ಅಲ್ ಖೋರಿನ ಶೆಡ್ಡೊಂದರಲ್ಲಿ ಕಾನ್ರಾಡ್ ಹಳೆಯ ಮರದ ಸಾಮಾನು ರಿಪೇರಿ ಮಾಡುತ್ತ ಹತ್ತೊಂಬತ್ತು ವರ್ಷವಾಗಿತ್ತು. ಒಮಾನಿನ ಪೆಟ್ಟಿಗೆ, ಇರಾನಿನ ಬಾಗಿಲು, ಯಾರದೋ ಅಜ್ಜಿಯ ತೊಟ್ಟಿಲು, ಬಿರುಕು ಬಿಟ್ಟದ್ದೆಲ್ಲ ಅವನ ಮೇಜಿಗೆ ಬರುತ್ತಿತ್ತು. ಊರು ಉಡುಪಿಯ ಹತ್ತಿರ. ಹೆಂಡತಿ ಡೊರೊತಿ ತೀರಿಕೊಂಡು ಮೂರು ವರ್ಷ. ಅವಳಿದ್ದಾಗ ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಫೋನಿನಲ್ಲಿ ಮಾತು. ಈಗ ಮಗಳು ವೆಲಿಟಾ ಮೊಬೈಲಿಗೆ ಹೂವಿನ ಚಿತ್ರ ಕಳಿಸುತ್ತಾಳೆ, ಇವನೂ ಒಂದು ಹೂವು ಕಳಿಸುತ್ತಾನೆ. ಅಲ್ಲಿಗೆ ರಜೆಯ ದಿನ ಮುಗಿಯುತ್ತದೆ.

2014ರ ಮಾರ್ಚಿನಲ್ಲಿ ನದೀಮ್ ಎಂಬ ಲೆಬನಾನಿನವನು ಉದ್ದದ ಪೆಟ್ಟಿಗೆ ಹೊತ್ತು ಶೆಡ್ಡಿಗೆ ಬಂದ. ಐವತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು. ಪೆಟ್ಟಿಗೆಯೊಳಗೆ ಒಂದು ಕೋವಿ. ತುರ್ಕರು ಆಳುತ್ತಿದ್ದ ಕಾಲದ ಮೌಸರ್. ಗುಂಡು ಹಾರದ ಹಾಗೆ ಕೊಳವೆಗೆ ಸೀಸ ತುಂಬಿ ಮುಚ್ಚಿದ್ದರು. ಪೊಲೀಸರ ಪರವಾನಗಿ ಕಾಗದವೂ ಜೊತೆಗಿತ್ತು.

"ಹಿಡಿಯ ಬಿರುಕು ಸರಿಮಾಡು. ಮತ್ತೆ ಈ ಹೆಸರು ತೆಗೆದುಬಿಡು" ಎಂದ ನದೀಮ್.

ಅಕ್ರೋಟು ಮರದ ಹಿಡಿಯ ಮೇಲೆ ಚಾಕುವಿನಿಂದ ಸೊಟ್ಟಸೊಟ್ಟಗೆ ಅರಬಿ ಅಕ್ಷರ ಕೆತ್ತಿತ್ತು. ಪಕ್ಕದಲ್ಲಿ ಪಾಲಿಶ್ ಹಾಕುತ್ತಿದ್ದ ಉಮ್ಮರಬ್ಬ ಬಗ್ಗಿ ಓದಿದ. "ಯೂಸುಫ್ ಅಂತ ಉಂಟು ಮಾರಾಯ್ರೆ. ಮಕ್ಕಳು ಬರೆದ ಹಾಗೆ ಉಂಟು."

ಕಾನ್ರಾಡ್ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. "ಸರ್, ಇದು ಆಳಕ್ಕೆ ಹೋಗಿದೆ. ತೆಗೆಯಬಹುದು, ಆದರೆ ತಗ್ಗು ಉಳಿಯುತ್ತದೆ. ಕೈಯಿಟ್ಟರೆ ಇಲ್ಲೇನೋ ಇತ್ತು ಅಂತ ಗೊತ್ತಾಗುತ್ತದೆ. ಯಾಕೆ ತೆಗೆಯಬೇಕು?"

"ಮನೆಗೆ ಬಂದವರು ಓದುತ್ತಾರೆ. ಯಾರದು ಅಂತ ಕೇಳುತ್ತಾರೆ."

ಆದರೆ ನದೀಮನ ಮನೆಗೆ ಯಾರೂ ಬರುತ್ತಿರಲಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ. ಕೆಲಸ ಎಲ್ಲಿಗೆ ಬಂತೆಂದು ನೋಡುವ ನೆಪದಲ್ಲಿ ಅವನು ಗುರುವಾರ ಸಂಜೆ ಶೆಡ್ಡಿಗೆ ಬರತೊಡಗಿದಾಗ ಕಾನ್ರಾಡನಿಗೆ ಅದು ತಿಳಿಯಿತು. ಬಿರುಕು ತುಂಬುವುದು ನಾಲ್ಕು ದಿನದ ಕೆಲಸ. ಕಾನ್ರಾಡ್ ಅದನ್ನು ಐದು ವಾರ ಎಳೆದ. ಹೆಸರಿನ ಹತ್ತಿರ ಉಳಿ ಒಯ್ಯಲೇ ಇಲ್ಲ. ಇಬ್ಬರೂ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ, ಅರ್ಧ ಇಂಗ್ಲಿಷ್ ಅರ್ಧ ಅರಬಿಯಲ್ಲಿ ಮಾತಾಡುತ್ತ ಕೂರುತ್ತಿದ್ದರು.

ಐದನೆಯ ಗುರುವಾರ, ಕಾನ್ರಾಡ್ ಕೇಳದೆಯೇ, ನದೀಮ್ ಹೇಳಿದ.

"ಯೂಸುಫ್ ನಮ್ಮ ಪಕ್ಕದ ಮನೆಯವರು. ಪಂಗಡ ಬೇರೆ, ಆದರೆ ನಡುವೆ ಒಂದು ಮೋಟುಗೋಡೆ ಅಷ್ಟೆ. ನನ್ನ ತಾಯಿ ಬೇಗ ಹೋದಳು, ಅವರ ಹೆಂಡತಿಯೇ ನನಗೆ ರೊಟ್ಟಿ ಹಾಕಿದ್ದು. ಕೋವಿ ಅವರ ಅಪ್ಪನದು. ತಾವು ಒಂಬತ್ತು ವರ್ಷದವರಿದ್ದಾಗ ಅದರ ಮೇಲೆ ಹೆಸರು ಕೆತ್ತಿ ಹೊಡೆತ ತಿಂದದ್ದನ್ನು ನಮಗೆ ಹೇಳಿ ನಗಿಸುತ್ತಿದ್ದರು. ಎಂಬತ್ತಮೂರರಲ್ಲಿ ನಮ್ಮ ಬೆಟ್ಟಕ್ಕೂ ಯುದ್ಧ ಬಂತು. ನಮ್ಮ ಕಡೆಯ ಹುಡುಗರು ಅವರ ಕೇರಿಯನ್ನು ಖಾಲಿ ಮಾಡಿಸಿದರು. ನನಗೆ ಹತ್ತೊಂಬತ್ತು. ನಾನೂ ಅವರ ಜೊತೆಗಿದ್ದೆ."

"ಗುಂಡು ಹೊಡೆದಿರಾ?"

"ಇಲ್ಲ. ಅವರು ಓಡಿಹೋದ ಮೇಲೆ ಮನೆಯೊಳಗೆ ಹೋದೆ. ಒಲೆಯ ಮೇಲೆ ಪಾತ್ರೆ ಇನ್ನೂ ಬಿಸಿಯಿತ್ತು. ಎಲ್ಲರೂ ಒಂದೊಂದು ಎತ್ತಿಕೊಂಡರು. ನಾನು ಗೋಡೆಯಿಂದ ಇದನ್ನು ತೆಗೆದೆ."

ಯೂಸುಫ್ ಬದುಕಿದ್ದಾರೆ, ಅಬುಧಾಬಿಯ ಖಾಲಿದಿಯಾದಲ್ಲಿ ಮಗಳು ಸಲ್ಮಾಳ ಮನೆಯಲ್ಲಿದ್ದಾರೆ ಎಂಬುದು ನದೀಮನಿಗೆ ಫೇಸ್‌ಬುಕ್ಕಿನಿಂದ ಗೊತ್ತಾಗಿ ಎರಡು ವರ್ಷವಾಗಿತ್ತು. ಅಷ್ಟೂ ದಿನ ಅವನು ಆ ಕಡೆ ಹೋಗಿರಲಿಲ್ಲ.

"ಕೊಟ್ಟುಬಿಡಿ ಸರ್. ಹೆಸರಿನ ಸಮೇತ" ಎಂದ ಕಾನ್ರಾಡ್.

ನದೀಮ್ ಲೋಟದ ತಳ ನೋಡುತ್ತ ಕೂತ. "ನೀನೂ ಬರುತ್ತೀಯಾ?"

ಮರುವಾರ ಸಲ್ಮಾಳಿಗೆ ಫೋನ್ ಮಾಡಿ, ಪೊಲೀಸರಿಗೂ ತಿಳಿಸಿ, ಶುಕ್ರವಾರ ಇಬ್ಬರೂ ಹೊರಟರು. ಖಾಲಿದಿಯಾದ ಏಳನೆಯ ಮಹಡಿಯಲ್ಲಿ ಸಲ್ಮಾ ಬಾಗಿಲು ತೆರೆದಳು. ನಗಲಿಲ್ಲ, ಒಳಗೆ ಕರೆದಳು. ಕಿಟಕಿಯ ಬಳಿ ಎಂಬತ್ತು ದಾಟಿದ ಮುದುಕ. ನದೀಮ್ ಪೆಟ್ಟಿಗೆ ಬಿಚ್ಚಿ ಕೋವಿಯನ್ನು ಮುದುಕನ ಮಡಿಲಲ್ಲಿಟ್ಟ.

ಯೂಸುಫ್ ಹಿಡಿಯನ್ನು ಸವರಿದರು. ಬೆರಳು ಅಕ್ಷರಗಳನ್ನು ಹುಡುಕದೆಯೇ ಹೋಗಿ ಮುಟ್ಟಿತು. ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ಕೋವಿಯನ್ನು ಎರಡೂ ಕೈಯಿಂದ ಎತ್ತಿ ಹಿಂದಕ್ಕೆ ಚಾಚಿದರು.

"ಇದು ನನ್ನದಲ್ಲ."

"ಚಿಕ್ಕಪ್ಪಾ, ನಿಮ್ಮ ಹೆಸರೇ..."

"ಯೂಸುಫ್ ಎಂಬವರು ಬೇಕಾದಷ್ಟು ಜನ. ನನ್ನದಲ್ಲ."

ನದೀಮ್ ಕೋವಿಯನ್ನು ಪೆಟ್ಟಿಗೆಗೆ ಹಾಕಿ ಲಿಫ್ಟಿನತ್ತ ನಡೆದ. ಕಾನ್ರಾಡ್ ಚಪ್ಪಲಿ ಹಾಕಿಕೊಳ್ಳುವಾಗ ಸಲ್ಮಾ ಹೊರಗೆ ಬಂದು ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. "ಅದು ಅಪ್ಪನದೇ. ಮುಟ್ಟಿದ ಕೂಡಲೇ ಅವರಿಗೆ ತಿಳಿಯಿತು. ಓಡಿಹೋಗುವ ದಾರಿಯಲ್ಲಿ ನನ್ನ ತಾಯಿ ಸತ್ತಳು. ಚಳಿ, ಔಷಧಿಯಿಲ್ಲ. ಇವನಿಗೆ ಅದು ಗೊತ್ತಿಲ್ಲ. ಕೋವಿ ತೆಗೆದುಕೊಂಡರೆ ಎಲ್ಲ ಮುಗಿಯಿತು ಅಂತ ಒಪ್ಪಿದ ಹಾಗೆ. ಅಪ್ಪನಿಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ." ಹೊರಡುವ ಮುಂಚೆ ಅವಳು ಅವನ ನಂಬರ್ ಬರೆದುಕೊಂಡಳು.

ಕಾರಿನಲ್ಲಿ ಕಾನ್ರಾಡ್ ಆ ಮಾತು ಎತ್ತಲಿಲ್ಲ. ರೊಟ್ಟಿ ಹಾಕಿದವಳ ಸಾವನ್ನು ಇವನ ತಲೆಗೆ ಕಟ್ಟಲು ತಾನು ಯಾರು? ಮರುವಾರ ನದೀಮ್ ಕೋವಿಯನ್ನೂ ಕಾಗದವನ್ನೂ ಪೊಲೀಸರಿಗೆ ಒಪ್ಪಿಸಿ, "ಖಲಾಸ್" ಎಂದು ಒಂದೇ ಪದದ ಸಂದೇಶ ಕಳಿಸಿದ. ಶೆಡ್ಡಿಗೆ ಬರುವುದು ನಿಂತಿತು. ಗುರುವಾರ ಸಂಜೆ ಕಾನ್ರಾಡ್ ಎರಡು ಲೋಟ ತೊಳೆದು, ಒಂದನ್ನು ಕವುಚಿ ಹಾಕುತ್ತಿದ್ದ.

ಎರಡು ತಿಂಗಳ ನಂತರ ಸಲ್ಮಾಳ ಫೋನ್ ಬಂತು. ಅಪ್ಪನ ಕುರ್ಚಿಯ ಕಾಲು ಅಲುಗಾಡುತ್ತದೆ, ಬರಲಾಗುತ್ತದೆಯೇ? ಕಾನ್ರಾಡ್ ಚೀಲದಲ್ಲಿ ಉಳಿ, ಅಂಟು ಹಾಕಿಕೊಂಡು ಬಸ್ಸು ಹತ್ತಿದ. ಬೆವರು ಸುರಿಯುವ ಜೂನ್. ಕುರ್ಚಿಯನ್ನು ತಿರುಗಿಸಿ, ನಾಲ್ಕೂ ಕಾಲು ಹಿಡಿದು ನೋಡಿದ. ಯಾವುದೂ ಸಡಿಲವಿರಲಿಲ್ಲ.

ಯೂಸುಫ್ ಮಗಳನ್ನು ಅಡುಗೆಮನೆಗೆ ಕಳಿಸಿದರು. ಕಾನ್ರಾಡನಿಗೆ ಅರ್ಥವಾಗಲೆಂದು ಒಂದೊಂದೇ ಅರಬಿ ಪದ ಬಿಡಿಸಿ ಕೇಳಿದರು.

"ಅವನಿಗೆ ಹೆಂಡತಿ?"

"ಮಾಫಿ."

ಇಲ್ಲ ಎನ್ನಲು ಶೆಡ್ಡಿನಲ್ಲಿ ಎಲ್ಲರೂ ಬಳಸುವ ಅರಬಿ ಪದ ಅದು.

"ಮಕ್ಕಳು?"

"ಮಾಫಿ."

ಮುದುಕ ಕಿಟಕಿಯ ಕಡೆ ತಿರುಗಿದರು. ಹೊರಗೆ ಬಿಳಿ ಬಿಸಿಲು, ಖಾಲಿ ಕಾಲುದಾರಿ. "ಮತ್ತೆ ಅಡುಗೆ ಯಾರು ಮಾಡುತ್ತಾರೆ?"

"ಅವನೇ."

"ಅವನಿಗೆ ಬರುವುದಿಲ್ಲ" ಎಂದರು ಯೂಸುಫ್. "ಚಿಕ್ಕಂದಿನಲ್ಲಿ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ." ಆಮೇಲೆ ಕಾನ್ರಾಡನ ಮೊಣಕೈ ಹಿಡಿದರು. "ನಾನು ಕೇಳಿದೆ ಅಂತ ಹೇಳಬೇಡ."

"ಇಲ್ಲ" ಎಂದ ಕಾನ್ರಾಡ್.

ಮುಂದಿನ ಶುಕ್ರವಾರ ಅವನು ರೂಮಿನವರೆಲ್ಲ ಬಳಸುವ ಅಡುಗೆಮನೆಯಲ್ಲಿ ಬೆಳಿಗ್ಗೆಯೇ ಒಲೆ ಹಿಡಿದು ಬಂಗುಡೆ ಸಾರು ಮಾಡಿದ. ಡೊರೊತಿ ಮಾಡುತ್ತಿದ್ದಂತೆ ಆಗಲಿಲ್ಲ, ಹುಳಿ ಹೆಚ್ಚಾಯಿತು. ಕುಚ್ಚಲಕ್ಕಿ ಅನ್ನದ ಜೊತೆ ಡಬ್ಬಿಗೆ ತುಂಬಿ ನದೀಮನ ಫ್ಲ್ಯಾಟಿನ ಬೆಲ್ ಒತ್ತಿದ. ಬಾಗಿಲು ತೆರೆದವನ ಗಡ್ಡ ಬೆಳೆದಿತ್ತು. ಟಿವಿಯಲ್ಲಿ ಸಿರಿಯಾದ ಯಾವುದೋ ಊರು ಕುಸಿದು ಬಿದ್ದಿತ್ತು. ಹಾಸಿಗೆ ಸುತ್ತಿ ಹೊತ್ತ ಜನ ಸಾಲಾಗಿ ನಡೆಯುತ್ತಿದ್ದರು.

"ಏನು ಇದು?" ಎಂದ ನದೀಮ್.

"ಸುಮ್ಮನೆ ಸರ್. ಜಾಸ್ತಿ ಆಯಿತು, ಅದಕ್ಕೆ ತಂದಿದ್ದೇನೆ."

ನದೀಮ್ ಟಿವಿಯ ದನಿ ಇಳಿಸಿ ಎರಡು ತಟ್ಟೆ ತಂದ. ಸಾರಿನ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳದೆ ಮತ್ತೊಮ್ಮೆ ಬಡಿಸಿಕೊಂಡ. ಯೂಸುಫರ ವಿಷಯ ಅವನು ಕೇಳಲಿಲ್ಲ. ಕಾನ್ರಾಡನೂ ಹೇಳಲಿಲ್ಲ. ಮೀನಿನ ಮುಳ್ಳು ತೆಗೆಯುವುದು ಹೇಗೆಂದು ಮಾತ್ರ ತೋರಿಸಿಕೊಟ್ಟ.