ಎರಡು ಅಂತಸ್ತಿನ ಕಿಟಕಿ ಕದ

ಬೀದಿಯವರಿಗೆಲ್ಲ ಆ ಅಕ್ಕತಂಗಿಯರು ದೊಡ್ಡಕ್ಕ, ಚಿಕ್ಕಕ್ಕ. ಮದುವೆಯ ಗೊಡವೆಗೆ ಹೋಗದೆ ಒಂದೇ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು ಬದುಕಿದವರು. ಹಾಗಿದ್ದ ದೊಡ್ಡಕ್ಕ ತಲೆ ನರೆತ ಮೇಲೆ ಹೆಂಡತಿ ಸತ್ತ ಗಡಿಯಾರ ರಿಪೇರಿಯವನೊಬ್ಬನನ್ನು ಮೆಚ್ಚಿ ಮದುವೆಯಾಗಿ ಹೊರಟುಹೋದಳು. ಅವಳಿಗೆ ಸಂತೋಷ. ಬೀದಿಗೆ ಹಬ್ಬ.

ಚಿಕ್ಕಕ್ಕನ ಮೆಷಿನ್ ಇದ್ದದ್ದು ಬೀದಿ ಕಿಟಕಿಯ ಪಕ್ಕದಲ್ಲೇ. ಹೋಗುವವರು ಬರುವವರು ಬಗ್ಗಿ, "ಅಕ್ಕ ಹೇಗಿದ್ದಾಳೆ? ನಿಂದ್ಯಾವಾಗ?" ಎನ್ನುತ್ತಿದ್ದರು. ಮೊದಮೊದಲು ನಕ್ಕಳು. ಆಮೇಲೆ ಬಡಗಿಯನ್ನು ಕರೆಸಿದಳು.

"ಯಾರ ಮುಖವೂ ಕಾಣಬಾರದು. ಅಂಥ ಕದ ಮಾಡಿಕೊಡಿ."

ಬಡಗಿ ಕಿಟಕಿಯನ್ನು ಅಡ್ಡಲಾಗಿ, ಉದ್ದವಾಗಿ, ಮೂಲೆಯಿಂದ ಮೂಲೆಗೂ ಅಳೆದ. "ಗಟ್ಟಿ ಹಲಗೆಯದಾದರೆ ಹಗಲಲ್ಲೂ ದೀಪ ಹಾಕ್ಕೊಂಡು ಹೊಲೀಬೇಕು. ಪಟ್ಟಿಗಳದು ಮಾಡಿಸಿ. ನಡುವೆ ಒಂದು ಕಡ್ಡಿ ಇರುತ್ತೆ, ಅದನ್ನ ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ವಾಲುತ್ತವೆ. ಬೆಳಕು ಚಾವಣಿಗೆ ಬಿದ್ದು ಒಳಗೆಲ್ಲ ಹರಡುತ್ತೆ, ನೀವು ಬೀದಿಗೆ ಕಾಣಲ್ಲ. ಇನ್ನು ಪೂರ್ತಿ ಉದ್ದದ್ದು ಬೇಕೋ, ಕೆಳಗಿನ ಅರ್ಧ ಮುಚ್ಚೋದು ಸಾಕೋ, ಇಲ್ಲ ಎರಡು ಅಂತಸ್ತಿನದೋ? ಅದರಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ತೆರೀಬಹುದು."

"ಪೂರ್ತಿ ಉದ್ದದ್ದೇ ಇರಲಿ."

ಕದ ಬಂತು. ಕೆಲವು ದಿನ ಚಿಕ್ಕಕ್ಕನಿಗೆ ಹಾಯೆನಿಸಿತು. ಕತ್ತರಿ ಎಲ್ಲಿಟ್ಟೆ ಎಂದು ತನ್ನನ್ನೇ ಕೇಳಿಕೊಂಡು, ತಾನೇ ಉತ್ತರ ಕೊಟ್ಟು ಹೊಲಿದಳು. ಬರಬರುತ್ತ ಬಟ್ಟೆ ತರುವವರು ಕಡಿಮೆಯಾದರು.

ಒಂದು ಮಧ್ಯಾಹ್ನ ಎದುರುಮನೆಯಾಕೆಯ ದನಿ ಪಟ್ಟಿಗಳಾಚೆ ಕೇಳಿಸಿತು. ಜೊತೆಯವಳಿಗೆ ಹೇಳುತ್ತಿದ್ದಳು: "ಚಿಕ್ಕಕ್ಕನೂ ಅಕ್ಕನ ಮನೆ ಸೇರಿದಳು ಅಂತ ಕಾಣುತ್ತೆ. ಬಾ, ಬೇರೆ ಕಡೆ ಕೊಡೋಣ."

ನಡುವೆ ಒಂದು ಗೇಣೂ ಇರಲಿಲ್ಲ. ಆಕೆಯ ಬಳೆಯ ಸದ್ದು ಕೂಡ ಕೇಳುತ್ತಿತ್ತು. 'ಇಲ್ಲೇ ಇದ್ದೀನಿ' ಎಂದಿದ್ದರೆ ಮುಗಿಯುತ್ತಿತ್ತು. ಹೆಜ್ಜೆಗಳು ದೂರವಾದ ಮೇಲೆ ಚಿಕ್ಕಕ್ಕ ಕಡ್ಡಿ ಎಳೆದು ನೋಡಿದಳು. ಬೀದಿ ಖಾಲಿಯಿತ್ತು.

ಮರುದಿನ ಬಡಗಿಯ ಅಂಗಡಿಗೆ ಹೋದಳು. "ಆ ಕದಾನ ನಡುವೆ ಕುಯ್ದು ಎರಡು ಮಾಡೋಕಾಗುತ್ತಾ?"

"ಕುಯ್ದರೆ ಚೌಕಟ್ಟು ಬಿಟ್ಟುಕೊಳ್ಳುತ್ತೆ. ತುದಿಗಳಿಗೆ ಅಡ್ಡಪಟ್ಟಿ ಬೇಕು, ಕೀಲುಗಳೂ ಜಾಸ್ತಿ ಬೇಕು. ಬಿಚ್ಚಿ ಹೊಸದಾಗೇ ಕಟ್ಟಬೇಕು." ಯಾಕೆಂದು ಅವನು ಕೇಳಲಿಲ್ಲ. ಅದೊಂದು ಪುಣ್ಯ.

ಹೊಸ ಕದ ಕೂರಿಸಿದ ದಿನ ಮೇಲಿನದನ್ನು ತೆರೆದು, ಕೆಳಗಿನದನ್ನು ಮುಚ್ಚಿ ಕೂತಳು. ಎದುರುಮನೆಯಾಕೆ ತುದಿಗಾಲಲ್ಲಿ ನಿಂತು ಇಣುಕಿದಳು.

"ಯಾವಾಗ ಬಂದೆ? ಅಕ್ಕ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದು ಚಿಕ್ಕಕ್ಕ ಎದ್ದು ನಿಂತಳು. "ನಾನು ಎಲ್ಲೂ ಹೋಗಿರಲಿಲ್ಲ. ಅವಳಿಲ್ಲದೆ ನನಗೆ ಹೊತ್ತೇ ಹೋಗಲ್ಲ."

ಎದುರುಮನೆಯಾಕೆ ಕೆಳಗಿನ ಕದದ ಮೇಲೆ ಕೈಯಿಟ್ಟು, "ಸಂಜೆ ಒಂದು ರವಿಕೆ ತರ್ತೀನಿ, ತೋಳು ಬಿಗಿಯಾಗಿದೆ," ಎಂದು ಹೋದಳು.

ಸಂಜೆ ಆಕೆ ಬರಲಿಲ್ಲ. ಚಿಕ್ಕಕ್ಕ ದೀಪ ಹಾಕಿ, ಮೇಲಿನ ಕದ ತೆರೆದೇ ಇಟ್ಟು, ಹೊಲಿಯುತ್ತ ಕೂತಳು.