ಚಮಚದ ಕೊಕ್ಕು

“ಸ್ವಲ್ಪ ಎಡಕ್ಕೆ, ಮಾವ. ಜೊಂಡಿನ ಬುಡದಲ್ಲಿ.” ದುರ್ಬೀನಿನ ಸ್ಟ್ಯಾಂಡಿನ ತಿರುಪು ಬಿಗಿಮಾಡುವ ನೆಪದಲ್ಲಿ ಬಗ್ಗಿದ್ದ ಅಳಿಯ ತುಟಿ ಅಲ್ಲಾಡಿಸದೆ ಹೇಳಿದ. “ಉಲ್ಲಂಕಿ. ಎರಡಿವೆ. ಒಂದು ಮಲಗಿದೆ.”

ಮಾವ ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಹಣೆಗೇರಿಸಿ, ದುರ್ಬೀನಿಗೆ ಕಣ್ಣಿಟ್ಟು, ಗಂಟಲಲ್ಲೇ ‘ಹೂಂ’ ಎಂದರು. ಅಂಗಡಿಯವನು ಬಟ್ಟೆಯ ನೇಯ್ಗೆ ನೋಡುವ ಹಾಗೆ ಒಂದಷ್ಟು ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಕೈ ಬೀಸಿದರು.

“ಬನ್ನಿ, ಬನ್ನಿ, ಸದ್ದು ಮಾಡ್ಬೇಡಿ. ಉಲ್ಲಂಕಿ ದಂಪತಿ ಬಂದಿದ್ದಾರೆ. ಗಂಡ ಕೆಸರಲ್ಲಿ ದುಡೀತಾ ಇದಾನೆ. ಹೆಂಡ್ತಿಗೆ ಇನ್ನೂ ಬೆಳಕು ಹರಿದಿಲ್ಲ.”

ಹಕ್ಕಿ ನೋಡಲೆಂದು ಜೌಗಿನ ದಡದಲ್ಲಿ ಕಟ್ಟಿದ್ದ ಮರದ ಅಡಗುಮನೆಯೊಳಗೆ ಒತ್ತಿಕೊಂಡು ನಿಂತಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬೊಬ್ಬರಾಗಿ ಬಂದು ದುರ್ಬೀನಿಗೆ ಕಣ್ಣಿಟ್ಟು, “ಅಬ್ಬಾ, ಹೌದು ಸಾರ್! ನಮ್ಮ ಬೈನಾಕ್ಯುಲರ್‌ನಲ್ಲಿ ಬರೀ ಕೆಸರು ಕಾಣ್ತಿತ್ತು,” ಎಂದರು. ಮಾವ ಒಪ್ಪಿಕೊಂಡವರಂತೆ ತಲೆಯಾಡಿಸಿದರು. ಈ ಭಾನುವಾರದ ಗುಂಪಿನಲ್ಲಿ ಅವರಿಗೆ ಹದ್ದಿನ ಕಣ್ಣು ಎಂದೇ ಹೆಸರು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದ ಮನುಷ್ಯ. ಜೌಗಿನ ಆ ದಡದಲ್ಲಿ ಗರಿ ಉದುರಿದರೆ ಈ ದಡದಲ್ಲಿ ನಿಂತು ಯಾವ ಹಕ್ಕಿಯದೆಂದು ಹೇಳುತ್ತಾರೆ ಎಂದು ಜನ ಒಂದಕ್ಕೆರಡು ಸೇರಿಸಿ ಹೇಳಿಕೊಳ್ಳುತ್ತಿದ್ದರು.

ಹೇಳುತ್ತಿದ್ದದ್ದೂ ನಿಜವೇ, ಹೋದ ವರ್ಷದವರೆಗೆ. ಆಮೇಲೆ ಮಾವನ ಎರಡೂ ಕಣ್ಣಿನ ನಟ್ಟನಡುವೆ ಮಸಿ ಬಳಿದಂತಾಯಿತು. ಸುತ್ತಲಿನದು ಕಾಣುತ್ತದೆ, ನೆಟ್ಟು ನೋಡಿದ್ದು ಮಾತ್ರ ಕಾಣುವುದಿಲ್ಲ. ಕಾಲುದಾರಿ ಕಾಣುತ್ತದೆ, ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಇದಕ್ಕೆ ಮದ್ದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಪಕ್ಕದಲ್ಲಿದ್ದವನು ಅಳಿಯನೊಬ್ಬನೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮಾವ, “ಮಗಳಿಗೂ ಹೇಳ್ಬೇಡ ಕಣೋ,” ಎಂದಿದ್ದರು. “ನಿನ್ನ ಬಾಯಿ ಕೆಟ್ಟದ್ದು, ಒಪ್ತೀನಿ. ಆದ್ರೆ ಹೊಟ್ಟೇಲಿ ಮಾತು ನಿಲ್ಲುತ್ತೆ.”

ಅಂದಿನಿಂದ ಇಬ್ಬರೂ ಸೇರಿ ಈ ಕಸುಬು ಕಲಿತರು. ದುರ್ಬೀನು ಹೊರುವವನು ಅಳಿಯ. ಅದನ್ನು ನೆಟ್ಟು, ಹಕ್ಕಿಗೆ ಗುರಿ ಹಿಡಿದು, ತಿರುಪು ಬಿಗಿಮಾಡಲು ಬಗ್ಗಿ ಹೆಸರು ಉಸುರುವವನೂ ಅವನೇ. ಉಳಿದದ್ದು ಮಾವನದು. ಒಂದು ಹೆಸರು ಕೊಟ್ಟರೆ ಸಾಕು, ಮಾವ ಅದಕ್ಕೆ ರೆಕ್ಕೆ, ಪುಕ್ಕ, ಸಂಸಾರ, ಸಾವಿರಾರು ಮೈಲಿಯ ಪ್ರಯಾಣ ಎಲ್ಲವನ್ನೂ ಹಚ್ಚಿ ಹಾರಿಸುತ್ತಿದ್ದರು. ಹಕ್ಕಿಯ ಹೆಸರುಗಳನ್ನು ಅಳಿಯನಿಗೆ ಕಲಿಸಿದವರೂ ಅವರೇ. ಶಾಲೆಯ ಪುಸ್ತಕ ಅರ್ಧಕ್ಕೇ ಮುಚ್ಚಿಟ್ಟಿದ್ದ ಹುಡುಗ, ಮದುವೆಯಾದ ಹೊಸತರಲ್ಲಿ ಮಾವನ ಹಿಂದೆ ಜೌಗು ಸುತ್ತಿ, ಹಾರುವ ಬಾತಿನ ರೆಕ್ಕೆಯ ಪಟ್ಟಿ ನೋಡಿ ಹೆಸರು ಹೇಳುವುದನ್ನು ಕಲಿತಿದ್ದ. ವಾರವೆಲ್ಲ ಅಂಗಡಿಯಲ್ಲಿ ಕಿಟಕಿಯ ಗ್ರಿಲ್ಲು ವೆಲ್ಡ್ ಮಾಡಿ, ಕಿಡಿ ಸಿಡಿದು ಮುಂಗೈಯೆಲ್ಲ ಚುಕ್ಕೆ ಚುಕ್ಕೆ ಸುಟ್ಟುಕೊಂಡು, ಭಾನುವಾರ ಇಲ್ಲಿ ಬಂದು ನಿಂತರೆ ಅವನಿಗೆ ಮೈ ಹಗುರಾಗುತ್ತಿತ್ತು. ಅದನ್ನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ.

ಇವತ್ತಿನ ಭಾನುವಾರ ಮಾತ್ರ ಬೇರೆ. ಮಳೆ ಮುಗಿದು ಚಳಿ ಇನ್ನೂ ಹೊಸ್ತಿಲ ಆಚೆಯೇ ನಿಂತಿರುವ ದಿನಗಳು. ದಡದ ಮರಗಳು ಹಳದಿ ಎಲೆ ಉದುರಿಸುತ್ತಿದ್ದವು, ಉತ್ತರದ ಹಕ್ಕಿಗಳು ಇಳಿಯತೊಡಗಿದ್ದವು. ಹಕ್ಕಿಧಾಮಕ್ಕೆ ಹೊಸದಾಗಿ ಬಂದ ಅಧಿಕಾರಿ ಮೇಡಂ ಈ ಸಲ ಗುಂಪನ್ನು ನಡೆಸುವವರು ಯಾರೆಂದು ತಾವೇ ನೋಡಿ ಗೊತ್ತುಮಾಡುವುದಾಗಿ ಹೇಳಿ, ಬೆಳಗ್ಗೆಯೇ ಬಂದು ಎಲ್ಲರ ಹಿಂದೆ ನಿಂತಿದ್ದರು. ಮಾವನ ಜಾಗದ ಮೇಲೆ ಕಣ್ಣಿಟ್ಟಿದ್ದ ಹಲ್ಲಿನ ಡಾಕ್ಟರೂ ಬಂದಿದ್ದರು, ತೋಳುದ್ದದ ಲೆನ್ಸಿನ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು. ಮಾವ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಂಡಿದ್ದರು. “ಏನಪ್ಪಾ, ಮದುವೆ ಗಂಡಿನ ಥರ ಹೊರಟಿದೀರಾ,” ಎಂದು ಮಗಳು ನಕ್ಕಾಗ ನಗಲಿಲ್ಲ. ಈ ಗುಂಪೂ ಕೈಬಿಟ್ಟರೆ ಮಾವನಿಗೆ ಉಳಿಯುವುದು ಮನೆಯ ಮೂಲೆಯ ಕುರ್ಚಿ, ಕಿವಿಗೆ ಒತ್ತಿಹಿಡಿದ ರೇಡಿಯೊ. ಅಳಿಯನಿಗೂ ಅದು ಗೊತ್ತಿತ್ತು.

ಉಲ್ಲಂಕಿಯ ಸರದಿ ಮುಗಿಯುತ್ತಿದ್ದಂತೆ ಹಲ್ಲಿನ ಡಾಕ್ಟರು ಅಳಿಯನ ಕಡೆ ತಿರುಗಿದರು. “ಸಾರ್, ನಿಮ್ಮ ಅಳಿಯಂದಿರೂ ಹಕ್ಕಿ ಗುರುತಿಸ್ತಾರಾ? ದುರ್ಬೀನು ಸರಿಯಾಗಿ ಹಕ್ಕಿ ಮೇಲೇ ಇಡ್ತಾರಲ್ಲ!”

ಕೇಳಿದ್ದು ಸಹಜವಾಗಿಯೋ ಕೊಂಕಿನಿಂದಲೋ ಹೇಳುವುದು ಕಷ್ಟ. ಹಿಂದೆ ನಿಂತಿದ್ದ ಮೇಡಂ ಕತ್ತೆತ್ತಿ ನೋಡಿದರು. ಮಾವ ಜೋರಾಗಿ ನಕ್ಕರು, ಬೇಕಾದ್ದಕ್ಕಿಂತ ಜೋರಾಗಿ.

“ಇವನಾ? ಒಳ್ಳೆ ಕೇಳಿದ್ರಿ! ಇವನು ನನಗೆ ಅಳಿಯ ಅಲ್ಲ, ಮಗಳ ಗಂಡ ಅಷ್ಟೆ. ಕಾಗೆಗೂ ಕೋಳಿಗೂ ವ್ಯತ್ಯಾಸ ಗೊತ್ತಾದ್ರೆ ಅದೇ ಹೆಚ್ಚು. ಶಾಲೆಯ ಬೆಂಚು ಬೆಚ್ಚಗಾಗೋ ಮೊದಲೇ ಎದ್ದು ಓಡಿ ಬಂದವನು. ನಾನು ಕೈ ತೋರಿಸಿದ ಕಡೆ ದುರ್ಬೀನು ತಿರುಗಿಸ್ತಾನೆ. ಹೊರೋಕೆ ಒಂದು ಹೆಗಲು ಬೇಕಲ್ಲ, ಕರ್ಕೊಂಡು ಬರ್ತೀನಿ.”

ನಗು ಅಡಗುಮನೆಯ ಹಲಗೆಗಳಿಗೆ ಬಡಿದು ತಿರುಗಿ ಬಂತು. ಡಾಕ್ಟರು ಅಳಿಯನ ಬೆನ್ನು ತಟ್ಟಿದರು. “ಬೇಜಾರ್ ಮಾಡ್ಕೋಬೇಡಿ. ಹೆಗಲೂ ಬೇಕಲ್ವಾ?”

ಅಳಿಯನ ಕಿವಿ ಕಾದವು. ಒಂದು ವರ್ಷ! ವರ್ಷವಿಡೀ ಈ ಮುದುಕನ ಕಣ್ಣಾಗಿ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಅಷ್ಟಕ್ಕೂ ಶಾಲೆ ಬಿಟ್ಟದ್ದು ಮೋಜಿಗೇ? ಅಪ್ಪ ಹಾಸಿಗೆ ಹಿಡಿದಿದ್ದು ಇವರಿಗೆ ಗೊತ್ತಿಲ್ಲವೇ? ಈ ಹಲ್ಲು ಕೀಳುವವನ ಮುಂದೆ, ಜೇಬು ತುಂಬ ಪೆನ್ನು ಸಿಕ್ಕಿಸಿಕೊಂಡ ಈ ಜನರ ಮುಂದೆ, ನಾನು ಹೆಗಲು. ಬರೀ ಹೆಗಲು.

“ಸಾರ್, ಅಲ್ನೋಡಿ!” ಯಾರೋ ಹೆಂಗಸು ಕೂಗಿದರು. “ಆ ಕಡೆ ದಡದಲ್ಲಿ, ಬೆಳ್ಳಗೆ, ದೊಡ್ಡದು! ಅಲ್ಲಾಡ್ತಾ ಇದೆ!”

ಎಲ್ಲರ ಬೈನಾಕ್ಯುಲರುಗಳೂ ಒಟ್ಟಿಗೆ ಎದ್ದವು. ಎದುರು ಬಿಸಿಲು, ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಜೊಂಡಿನ ಪಕ್ಕ ಬಿಳಿಯದೇನೋ ಬಗ್ಗುತ್ತಿತ್ತು, ಏಳುತ್ತಿತ್ತು. ಬೆಳ್ಳಕ್ಕಿ ಎಂದರು ಒಬ್ಬರು. ಅಷ್ಟು ದಪ್ಪದ ಬೆಳ್ಳಕ್ಕಿಯೇ ಎಂದು ಇನ್ನೊಬ್ಬರು ತಳ್ಳಿಹಾಕಿದರು. ಆಮೇಲೆ ಎಲ್ಲರೂ, ಮೇಡಂ ಕೂಡ, ಮಾವನ ಮುಖ ನೋಡಿದರು.

ಅಳಿಯ ದುರ್ಬೀನು ತಿರುಗಿಸಿ ಕಣ್ಣಿಟ್ಟ. ಗೂಟಕ್ಕೆ ಸಿಕ್ಕಿಕೊಂಡ ಗೊಬ್ಬರದ ಚೀಲ. ಗಾಳಿ ಹೊಕ್ಕಾಗ ಉಬ್ಬುತ್ತಿತ್ತು, ಬಿಟ್ಟಾಗ ಬಾಗುತ್ತಿತ್ತು. ಅದರ ಮೇಲಿನ ನೀಲಿ ಅಕ್ಷರಗಳೂ ಕಂಡವು. ಮಾವ ಹತ್ತಿರ ಸರಿದು ನಿಂತರು. ಅವರ ಹೊಸ ಇಸ್ತ್ರಿಯ ವಾಸನೆ ಮೂಗಿಗೆ ಬಡಿಯಿತು. ಅಳಿಯ ತಿರುಪಿಗೆ ಕೈ ಹಾಕಿ ಬಗ್ಗಿದ.

“ಚಮಚದ ಕೊಕ್ಕು,” ಎಂದ.

ಹೇಳಿದ ಮೇಲೆ ಅವನ ಎದೆಯಲ್ಲಿ ಒಂದು ಕ್ಷಣ ತಣ್ಣಗಾದದ್ದು ನಿಜ. ಆದರೆ ಮಾವನ ಮುಖ ಅರಳಿದ್ದನ್ನು ಅವನು ಎಣಿಸಿರಲಿಲ್ಲ. ಮುಖ ಅರಳಿತು, ಚಿಕ್ಕಂದಿನ ಗೆಳೆಯ ಬಾಗಿಲು ತಟ್ಟಿದರೆ ಅರಳುವ ಹಾಗೆ.

“ಚಮಚದ ಕೊಕ್ಕು!” ಎಂದರು ಮಾವ. “ಎಷ್ಟು ವರ್ಷ ಆಯ್ತು ಇಲ್ಲಿಗೆ ಬಂದು! ನೋಡಿ, ಕೊಕ್ಕಿನ ತುದಿ ಅಡುಗೆಮನೆ ಚಮಚದ ಹಾಗೆ ಅಗಲ. ಕೊಕ್ಕರೆ ಥರ ಕಾದು ಕುಕ್ಕೋ ಜಾತಿ ಅಲ್ಲ ಇದು. ಕೊಕ್ಕನ್ನ ಅರ್ಧ ತೆರೆದು ನೀರಲ್ಲಿ ಹೀಗೆ, ಹೀಗೆ...” ಮಾವ ಸೊಂಟ ಬಗ್ಗಿಸಿ, ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿ, ಕುಡುಗೋಲು ಬೀಸುವವರಂತೆ ಆ ಕಡೆ ಈ ಕಡೆ ಆಡಿಸಿದರು. “ಹುಲ್ಲು ಕೊಯ್ದ ಹಾಗೆ ನೀರು ಕೊಯ್ಯುತ್ತೆ. ಕಣ್ಣಿಂದಲ್ಲ, ಕೊಕ್ಕಿಂದ ಹುಡುಕೋದು. ಕೊಕ್ಕಿಗೆ ಮೀನು ತಗುಲಿದ್ರೆ ಟಕ್ ಅಂತ ಮುಚ್ಚುತ್ತೆ.”

ಅಳಿಯ ಈಗಲೂ ನಿಜ ಹೇಳಬಹುದಿತ್ತು. ದುರ್ಬೀನಿಗೆ ಮೊಣಕೈ ತಗುಲಿಸಿ ಬೀಳಿಸಿದ್ದರೂ ಆಗುತ್ತಿತ್ತು. ಮತ್ತೆ ನೆಟ್ಟು, ‘ಹಾರಿಹೋಯ್ತು’ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಳಿಯನ ಕೈ ಏಳಲಿಲ್ಲ. ಬೇಕು ಬೇಕೆಂದು ನಿಂತನೋ, ಕೈ ಎತ್ತಲಾಗದೆ ನಿಂತನೋ, ಅವನಿಗೇ ತಿಳಿಯಲಿಲ್ಲ.

“ಮೇಡಂ, ಮೊದಲು ನೀವು,” ಎಂದು ಮಾವ ಸರಿದು ದಾರಿ ಬಿಟ್ಟರು.

ಮೇಡಂ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಹಿಂದೆ ಸರಿದು, ಕರವಸ್ತ್ರ ತೆಗೆದು ಒರೆಸಬೇಕಾದ್ದೇನೂ ಇಲ್ಲದ ಕೈ ಒರೆಸಿಕೊಂಡರು. ಡಾಕ್ಟರು ನುಗ್ಗಿದರು.

“ಸಾರ್...” ಅವರ ದನಿಯಲ್ಲಿ ಆಗಲೇ ನಗು ಕುದಿಯುತ್ತಿತ್ತು. “ಸಾರ್, ಈ ಹಕ್ಕಿ ಮೈಮೇಲೆ ಐವತ್ತು ಕಿಲೋ ಅಂತ ಬರೆದಿದೆ!”

ನಗು ಒಮ್ಮೆಗೇ ಸಿಡಿಯಲಿಲ್ಲ. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿ, ಅವರೂ ನೋಡಿ, ಅಡಗುಮನೆಯ ಮೂಲೆ ಮೂಲೆಯಿಂದ ಎದ್ದಿತು. ಕೆಟ್ಟ ನಗುವೇನಲ್ಲ, ಮನೆಯ ಹಿರಿಯರು ಎಡವಿದಾಗ ಬರುವಂಥದ್ದು. ಅಳಿಯನಿಗೆ ಅದೇ ಸಹಿಸಲಾಗಲಿಲ್ಲ. ಮಾವನ ಎರಡೂ ಅಂಗೈ ಇನ್ನೂ ಕೊಕ್ಕಿನ ಹಾಗೆ ಜೋಡಿಸಿಯೇ ಇದ್ದವು. ಅವರು ಅವನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕೆ ಇಳಿಸಿದರು. ಮುಖವನ್ನು ಅಳಿಯನ ಕಡೆ ತಿರುಗಿಸಿದರು. ಬಯ್ಯುವ ಮುಖವಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅದು ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವರ ಮುಖವಾಗಿತ್ತು.

ಆಗ ಅವನಿಗೆ ಹೊಳೆಯಿತು. ಅಷ್ಟು ಜೋರಾಗಿ ಯಾಕೆ ನಕ್ಕರು, ಡಾಕ್ಟರು ಕೇಳಿದ ಕೂಡಲೇ ಕಾಗೆ ಕೋಳಿ ಎಂದು ಯಾಕೆ ಬಾಯಿಗೆ ಬಂದದ್ದು ಒದರಿದರು ಎಂಬುದು. ಅದು ಕೊಬ್ಬಲ್ಲ, ಹೆದರಿಕೆ. ಮೇಡಂ ಎದುರಿಗೆ ಗುಟ್ಟು ಬಯಲಾದೀತೆಂದು ಮುದುಕ ಕೈಗೆ ಸಿಕ್ಕಿದ ಕಂಬಳಿ ಎಳೆದು ಹೊದ್ದುಕೊಂಡಿದ್ದರು.

“ಮೇಡಂ,” ಅಳಿಯ ಮುಂದೆ ಬಂದ. “ತಪ್ಪು ನಂದು. ಅವರು... ನಾನೇ ಅವರಿಗೆ...”

ಮಾವನ ಕೈ ಬಂದು ಅವನ ಮುಂಗೈ ಹಿಡಿಯಿತು. ಸುಟ್ಟ ಚುಕ್ಕೆಗಳ ಮೇಲೇ ಉಗುರು ಇಳಿಯುವ ಹಾಗೆ ಬಿಗಿಯಾಗಿ.

“ಇವನು ಪಾಪ, ನನ್ನ ಮಾನ ಉಳಿಸೋಕೆ ನೋಡ್ತಿದಾನೆ,” ಎಂದರು ಮಾವ ಎಲ್ಲರಿಗೂ ಕೇಳುವಂತೆ. “ನೋಡಿದ್ದೂ ನಾನೇ, ಹೇಳಿದ್ದೂ ನಾನೇ. ಇವನಿಗೇನು ಗೊತ್ತಾಗುತ್ತೆ ಇದೆಲ್ಲ?”

ಆ ಮಾತಿಗೆ ಯಾರೂ ನಗಲಿಲ್ಲ. ಮೇಡಂ ಹತ್ತಿರ ಬಂದು, ರೋಗಿಯನ್ನು ಮಾತಾಡಿಸುವ ದನಿಯಲ್ಲಿ, “ಪರವಾಗಿಲ್ಲ ಸಾರ್, ವಯಸ್ಸಾಯ್ತಲ್ವಾ. ನೀವು ಕೂತ್ಕೊಂಡಿರಿ. ಮುಂದಿನ ದಾರಿ ಡಾಕ್ಟರು ತೋರಿಸ್ತಾರೆ,” ಎಂದರು. ‘ಇವತ್ತು’ ಎಂಬ ಮಾತನ್ನು ಅವರು ಸೇರಿಸಲಿಲ್ಲ. ಎಲ್ಲರೂ ಕಾದರು, ಆದರೂ ಸೇರಿಸಲಿಲ್ಲ.

ಗುಂಪು ಡಾಕ್ಟರ ಹಿಂದೆ ಏರಿಯ ಮೇಲೆ ಹೊರಟಿತು. ದುರ್ಬೀನನ್ನೂ ಒಯ್ದರು, ಅದು ಮಾವನದು ಎಂದು ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಾವ, “ಒಯ್ಯಲಿ ಬಿಡು,” ಎಂದರು. ಅಷ್ಟೇ. ಅಡಗುಮನೆಯಲ್ಲಿ ಇಬ್ಬರೇ ಉಳಿದರು. ಸೀಳುಕಿಟಕಿಯಿಂದ ಬಿಸಿಲಿನ ಪಟ್ಟಿ ಬಂದು ಬೆಂಚಿನ ಮೇಲೆ ಬಿದ್ದಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎಂದು ಅಳಿಯನ ಅಮ್ಮ ಅವನನ್ನೇ ನೋಡಿ ಹೇಳುತ್ತಿದ್ದಳು, ದಿನಕ್ಕೊಂದು ಸಲ. ಅವನು ಕೊಯ್ದದ್ದು ತನ್ನ ಮೂಗೂ ಆಗಿರಲಿಲ್ಲ.

“ಮಾವ, ಬೈದ್ಬಿಡಿ. ಎರಡು ಹೊಡೀರಿ ಬೇಕಾದ್ರೆ.”

“ಯಾಕೆ?”

“ಬೇಕಂತ್ಲೇ ಹೇಳ್ದೆ.”

“ಗೊತ್ತಾಯ್ತು.”

ಅಷ್ಟರಲ್ಲಿ ಜೌಗಿನ ನಡುವಿನಿಂದ ನೂರಾರು ಬಾತುಗಳು ಒಮ್ಮೆಗೇ ನೀರು ಒದ್ದು ಎದ್ದವು. ಅಡಗುಮನೆಯ ಮಾಡೇ ಹಾರಿಹೋಗುವಂಥ ಸದ್ದು. ಅಳಿಯ ಕಿಟಕಿಗೆ ಮುಖ ಒತ್ತಿದ. ಬಾತುಗಳ ಮೇಲೆ ಬೇಟೆಹಕ್ಕಿಯೊಂದು ಕಪ್ಪು ಬಾಣದ ಹಾಗೆ ಇಳಿಯುತ್ತಿತ್ತು.

“ಡೇಗೆ, ಮಾವ! ದೊಡ್ಡ ಡೇಗೆ! ಮೇಲಿಂದ ಬೀಳ್ತಾ ಇದೆ. ಸೂಜಿಬಾಲದ ಬಾತುಗಳು, ಎಲ್ಲ ಎದ್ವು! ಒಂದು ಬೇರೆಯಾಯ್ತು, ಅದರ ಹಿಂದೇನೇ ಹೋಗ್ತಾ ಇದೆ...” ಅವನು ಉಸುರಲಿಲ್ಲ, ಕೂಗಿದ. ಏರಿಯ ಮೇಲಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ.

“ಹೌದಾ?” ಎಂದರು ಮಾವ.

ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಮಾತಿಗೆ ಹೇಳುವ ‘ಹೌದಾ’. ಅವರು ಬೆಂಚಿನಿಂದ ಏಳಲೂ ಇಲ್ಲ.

ಗೇಟಿನ ಬಳಿ ಅಳಿಯ ಸ್ಕೂಟರ್ ಹೊರತೆಗೆದು ಶುರುಮಾಡಿದ. ಮಾವ ಹಿಂದೆ ಕೂತದ್ದು ತೂಕದಿಂದ ತಿಳಿಯಿತು. ಹೆಗಲ ಮೇಲೆ ಕೈ ಬರಲೆಂದು ಅವನು ಒಂದಷ್ಟು ಹೊತ್ತು ಎಂಜಿನ್ ಗುಡುಗಿಸುತ್ತ ನಿಂತ. ಬರಲಿಲ್ಲ.

“ಕೂತ್ರಾ, ಮಾವ?”

“ಹೂಂ.”

ಮಣ್ಣುದಾರಿಯಲ್ಲಿ ಅವನು ನಡೆಯುವವರಿಗಿಂತ ಸ್ವಲ್ಪವೇ ಜೋರಾಗಿ ಹೊರಟ. “ಗುಂಡಿ ಇದೆ, ಮಾವ,” ಎಂದ. “ಈಗ ಕಲ್ಲು.” “ಎಡಕ್ಕೆ ತಿರುಗ್ತೀನಿ.” ಎದುರು ಬಂದ ಸೈಕಲ್ಲಿನವನು, ಇವನು ಯಾರ ಜೊತೆ ಮಾತಾಡುತ್ತಿದ್ದಾನೆಂದು ತಿರುಗಿ ನೋಡಿದ. ಡಾಂಬರು ರಸ್ತೆ ಬಂತು, ನುಣ್ಣಗೆ, ಹೊಸದಾಗಿ ಹಾಕಿದ್ದು. “ಇನ್ನು ಮನೇವರೆಗೂ ಒಳ್ಳೆ ರಸ್ತೆ, ಮಾವ. ಏನೂ ಇಲ್ಲ,” ಎಂದು ಹೇಳಿ ಅವನು ಕನ್ನಡಿಯಲ್ಲಿ ನೋಡಿದ. ಮಾವ ಹಿಂದಿನ ಕಂಬಿಯನ್ನು ಎರಡೂ ಕೈಯಿಂದ, ಗೆಣ್ಣು ಬಿಳುಚಿಕೊಳ್ಳುವ ಹಾಗೆ ಹಿಡಿದು ಕೂತಿದ್ದರು.