ಮೀನು ಮನುಷ್ಯನನ್ನು ತಂದ ಸುಗ್ಗಿ

ನಗಿಸಲು ಹೋದವನಿಗೆ ಕನಿಕರ ಸಿಕ್ಕರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಸುಕ್ರನಿಗೆ ಹೋದ ವರ್ಷದ ಸುಗ್ಗಿಯಲ್ಲಿ ಸಿಕ್ಕಿದ್ದು ಅದೇ.

ಕುಮಟೆಯ ಹತ್ತಿರದ ಆ ಹಾಲಕ್ಕಿ ಕೊಪ್ಪದಲ್ಲಿ ಹೋಳಿಯ ಹೊತ್ತಿನ ಸುಗ್ಗಿ ಹಬ್ಬಕ್ಕೆ ಹಗರಣ ಹೊರಡುತ್ತಿತ್ತು. ಗಂಡಸರು ತರಾವರಿ ವೇಷ ಕಟ್ಟಿಕೊಂಡು ಅಂಗಳದಿಂದ ಅಂಗಳಕ್ಕೆ ಹೋಗಿ ಫಾರೆಸ್ಟ್ ಗಾರ್ಡನನ್ನೋ, ಸೂಜಿ ಚುಚ್ಚುವ ಡಾಕ್ಟರನ್ನೋ ಅಣಕಿಸುವುದು, ಜನ ಹೊಟ್ಟೆ ಹಿಡಿದುಕೊಂಡು ನಗುವುದು. ಮೀಸೆ ಮೂಡಿದಾಗಿನಿಂದ ಹಗರಣದ ಮುಂದಾಳು ಸುಕ್ರನೇ. ಆದರೆ ಹೋದ ವರ್ಷ ಅವನು ಗಾರ್ಡನ ವೇಷದಲ್ಲಿ ಎಂದಿನಂತೆ ಮರ ಹತ್ತಿ ಎಂದಿನಂತೆ ಜಾರಿಬಿದ್ದಾಗ ಅಂಗಳ ಸುಮ್ಮನಿತ್ತು. ಒಬ್ಬ ಮುದುಕಿ ಮಾತ್ರ ಪೆಟ್ಟಾಯಿತೇ ಎಂದು ಕೇಳಿದಳು. ಸುಕ್ರನ ಹೆಂಡತಿ ಗಣಪಿ ಜಗಲಿಯ ಮೇಲೆ ಕೂತು ಬಾಯ್ತುಂಬ ಆಕಳಿಸಿದಳು.

ಗಣಪಿಯದು ಖಡಾಖಂಡಿತ ಸ್ವಭಾವ. ನಗು ಬಂದರೆ ನಗುವವಳು, ಗಂಡನೆಂದು ನಗುವವಳಲ್ಲ. ಮೀನು ಕೊಳ್ಳುವಾಗಲೂ ಹಾಗೆಯೇ. ಮೀನು ಮಾರುವ ದೇವಿ ಬುಟ್ಟಿ ಇಳಿಸಿದರೆ ಸಾಕು, ಗಣಪಿ ಒಂದೊಂದು ಬಂಗಡೆಯ ಕಿವಿರು ಎತ್ತಿ ಒಳಗಿನ ಕೆಂಪು ನೋಡಿ, ಮೂಸಿ, ತಾಜಾ ಅಲ್ಲ ಎಂದು ಮುಖ ಸಿಂಡರಿಸದೆ ಕೊಂಡವಳೇ ಅಲ್ಲ. ಆ ಕೊಪ್ಪಕ್ಕೆ ಬಂದರೆ ಗಣಪಿಯ ಕೈಯಲ್ಲಿ ತನ್ನ ಮೀನಿಗೂ ನಾಚಿಕೆಯಾಗುತ್ತದೆ ಎಂದು ದೇವಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಹೋದ ವರ್ಷದ ಹಗರಣ ಮುಗಿದ ಮೇಲೆ ಊರಗೌಡ ಸುಕ್ರನನ್ನು ಕರೆದು ಎಲೆಯಡಿಕೆ ಕೊಟ್ಟು ಮೆಲ್ಲಗೆ ಹೇಳಿದ. ಇನ್ನೊಂದು ಸುಗ್ಗಿ ನೋಡುವ, ಆಗಲೂ ಜನ ನಗದಿದ್ದರೆ ಮುಂದಾಳ್ತನ ಗಣಪಿಯ ತಮ್ಮ ದಾಸನಿಗೆ. ದಾಸ ಬಡಕಲು ಆಳು, ಬಾಯಿ ಮಾತ್ರ ಬಲ. ಭಾವನ ಮೇಲೆ ಅವನಿಗೆ ಪ್ರೀತಿ ಇತ್ತು, ಭಾವನ ಜಾಗದ ಮೇಲೆ ಇನ್ನೂ ಹೆಚ್ಚು ಪ್ರೀತಿ ಇತ್ತು.

ಇಡೀ ಮಳೆಗಾಲ ಸುಕ್ರ ತಲೆ ಕೆರೆದುಕೊಂಡ. ಹೊಸದೇನೂ ಹೊಳೆಯಲಿಲ್ಲ. ಸುಗ್ಗಿಗೆ ಇನ್ನೇನು ತಿಂಗಳಿದೆ ಎನ್ನುವಾಗ ಭಟ್ಕಳದಿಂದ ಕರೆ ಬಂತು. ಅಲ್ಲಿಯ ಜವಳಿ ವ್ಯಾಪಾರಿ ಹಸನ್ ಬಾಪಾ ಸಾಹೇಬರ ಮಗಳ ಮದುವೆ; ತೆಂಗಿನ ಮಡಲು ಹೆಣೆದು ಚಪ್ಪರ ಹಾಕಲು ಸುಕ್ರನೇ ಬೇಕು. ಮದುವೆಗೆಂದು ಸಾಹೇಬರ ಮಗ ಬೊಂಬಾಯಿಯಿಂದ ಜಪಾನಿನ ಪಿಂಗಾಣಿ ಬಸಿಗಳನ್ನು ಕಳಿಸಿದ್ದ. ಆ ಪೆಟ್ಟಿಗೆಯ ಹುಲ್ಲಿನ ನಡುವೆ ಒಂದು ಚಿತ್ರದ ಪುಸ್ತಕ ಸಿಕ್ಕಿತು. ಪುಟಕ್ಕೆ ನಾಲ್ಕೈದು ಚೌಕ, ಚೌಕದೊಳಗೆ ಚಿತ್ರ, ನಡುವೆ ಇರುವೆ ಹರಿದಂಥ ಜಪಾನಿ ಅಕ್ಷರ. ಸಾಹೇಬರು ಉರ್ದು ಓದುವವರು, ಅಭ್ಯಾಸದಂತೆ ಬಲಗಡೆಯಿಂದ ತೆರೆದು ಒಂದೊಂದೇ ಚಿತ್ರ ನೋಡಿದರು, ಮತ್ತೆ ನಕ್ಕರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಒಬ್ಬ ದಪ್ಪ ಮನುಷ್ಯ ಪೇಟೆಯಿಂದ ಬುಟ್ಟಿಯಲ್ಲಿ ಮೀನು ತರುತ್ತಾನಂತೆ. ಆ ಮೀನು ಅವನ ಕನ್ನಡಕ, ಕೋಟು ಎಲ್ಲ ಕಸಿದುಕೊಂಡು ಕೊನೆಗೆ ಅವನನ್ನೇ ಹೊತ್ತುಕೊಂಡು ಹೋಗುತ್ತದಂತೆ. ಸುಕ್ರ ಸುಗ್ಗಿಗೆ ಬರಲು ಅವರನ್ನು ಕರೆದ. ಅವರು ಪುಸ್ತಕವನ್ನು ಅವನ ಕೈಗಿತ್ತರು.

ಹೊನ್ನಾವರದಲ್ಲಿ ಶರಾವತಿ ದಾಟುವ ಲಾಂಚಿನಲ್ಲಿ ಕೂತು ಸುಕ್ರ ಪುಸ್ತಕ ತೆರೆದ. ಎರಡನೇ ಇಯತ್ತೆ ಕಲಿತವನು ತೆರೆಯುವ ಹಾಗೆ, ಎಡಗಡೆಯಿಂದ. ಮೊದಲ ಚಿತ್ರದಲ್ಲೇ ಕೋಟು ತೊಟ್ಟು, ಕೊಡೆ ಹಿಡಿದ ಮೀನೊಂದು ಪೇಟೆಯಿಂದ ಬರುತ್ತಿದೆ, ಅದರ ಬುಟ್ಟಿಯಲ್ಲಿ ಮನುಷ್ಯ. ಮನೆಗೆ ತಂದು ಅವನನ್ನು ನೀರಿನ ಹಂಡೆಯಲ್ಲಿ ಬಿಟ್ಟು ಮೀನು ಕನ್ನಡಕ ಏರಿಸಿ ಪೇಪರು ಓದುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ ಊಟ. ಕೊನೆಗೆ ಹೇಗೋ ಏನೋ, ಮನುಷ್ಯನೇ ಮೀನನ್ನು ಬುಟ್ಟಿಯಲ್ಲಿ ಹೊತ್ತಿದ್ದಾನೆ. ಪಾಪ, ಸಾಹೇಬರಿಗೆ ವಯಸ್ಸಾಯಿತು, ಕತೆಯನ್ನೇ ತಿರುಗುಮುರುಗು ಮಾಡಿಕೊಂಡಿದ್ದಾರೆ ಎಂದುಕೊಂಡ ಸುಕ್ರ. ಅಷ್ಟರಲ್ಲಿ ಅವನಿಗೇ ನಗು ಬಂತು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲದ ನಗು. ಲಾಂಚಿನವರೆಲ್ಲ ತಿರುಗಿ ನೋಡಿದರು.

ಮನೆಗೆ ಬಂದು ಗಣಪಿಗೆ ತೋರಿಸಿದ. ಅವಳು ಪುಟ ತಿರುವಿ ಕೇಳಿದಳು.

"ಇದ್ರಲ್ಲಿ ಯಾರ್ನ ಅಣಕ್ಸೂದು?"

ಯಾರನ್ನೂ ಅಲ್ಲ ಎಂದ ಸುಕ್ರ. ಹಾಗಾದರೆ ಯಾರು ನಗುತ್ತಾರೆ ಎಂದು ಅವಳು ಒಲೆ ಊದಲು ಹೋದಳು. ಆದರೆ ಸುಕ್ರನಿಗೆ ಬೇರೆ ದಾರಿಯೂ ಇರಲಿಲ್ಲ. ತನಗೆ ಗೊತ್ತಿದ್ದ ವಿದ್ಯೆಯಿಂದಲೇ, ಎಳೆ ಮಡಲು ಹೆಣೆದು ಆಳೆತ್ತರದ ಮೀನಿನ ಮೈ ಮಾಡಿದ, ಅಡಿಕೆ ಹಾಳೆಯಿಂದ ಬಾಲ ಮತ್ತು ಎರಡು ಕಿವಿರು ಮಾಡಿದ. ಗೌಡನ ಕೊಡೆ ಬೇಡಿ ತಂದ. ಬುಟ್ಟಿಯೊಳಗಿನ ಮನುಷ್ಯನಾಗಲು ದಾಸ ಕುಣಿದುಕೊಂಡು ಒಪ್ಪಿದ. ಭಾವ ಸೋಲುವುದನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಯಾರಿಗೆ ಸಿಗುತ್ತದೆ?

ಹಗರಣದ ದಿನ ಬೆಳಿಗ್ಗೆಯೇ ಮೀನು ಹೊರಟಿತು. ಮೊದಲ ಅಂಗಳದಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡಿದರು, ಅಷ್ಟೇ. ಎರಡನೆಯದರಲ್ಲಿ ಯಾರೋ ಇದು ಮೊಸಳೆಯೇ ಎಂದು ವಿಚಾರಿಸಿದರು. ಗೌಡನ ಅಂಗಳಕ್ಕೆ ಬರುವಾಗ ಗುಮಟೆ ಬಾರಿಸುವವನ ಕೈಯೂ ಸೋತಿತ್ತು. ಮಡಲಿನೊಳಗೆ ಸುಕ್ರನ ಬೆವರು ಕಣ್ಣಿಗಿಳಿಯಿತು. ಬೆವರೋ ಏನೋ. ಗೌಡನ ಜಗಲಿಯ ಮೇಲೆ ಕೂತಿದ್ದ ಗಣಪಿಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ತಲೆಯ ಮೇಲಿನ ಬುಟ್ಟಿಯಿಂದ ದಾಸ ಪಿಸುಗುಟ್ಟಿದ, "ಭಾವಾ, ಇಳಿಸಿಬಿಡು, ಸಾಕು."

ಸುಕ್ರ ಬುಟ್ಟಿ ಇಳಿಸಿದ. ಅದೇ ಹೊತ್ತಿಗೆ ದೇವಿ ತನ್ನ ಬುಟ್ಟಿ ಹೊತ್ತು ಮೀನು ಮಾರಲು ಅಂಗಳಕ್ಕೆ ಬಂದಳು. ಕೊಡೆ ಹಿಡಿದು ನಿಂತ ಮೀನನ್ನು ನೋಡಿದಳು, ಬುಟ್ಟಿಯಲ್ಲಿ ಮುದುರಿ ಕೂತ ದಾಸನನ್ನು ನೋಡಿದಳು. ಜನ್ಮದಲ್ಲಿ ಇಂಥ ಹೊತ್ತು ಇನ್ನೊಮ್ಮೆ ಬರುವುದಿಲ್ಲ ಎಂದು ಅವಳಿಗೆ ತಟ್ಟನೆ ಹೊಳೆದಿರಬೇಕು. ತನ್ನ ಬುಟ್ಟಿ ಬದಿಗಿಟ್ಟು, ಗಣಪಿ ಕೂರುವ ಹಾಗೆಯೇ ಕುಕ್ಕರಗಾಲಲ್ಲಿ ಕೂತು, ಗಣಪಿಯ ಹಾಗೆಯೇ ಮೂಗು ಮೇಲೆ ಮಾಡಿ, ದಾಸನ ಕಿವಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಇಣುಕಿದಳು. ಮೂಸಿದಳು. ಮತ್ತೆ ಮೀನಿನ ಕಡೆ ತಿರುಗಿ ಹೇಳಿದಳು.

"ತಾಜಾ ಅಲ್ಲ ಇದು. ನಿನ್ನೆದು ತಂದ್ಯೆ."

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ನಗು ಎದ್ದಿತು ನೋಡಿ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು, ಗೌಡನ ಎಲೆಯಡಿಕೆ ನೆತ್ತಿಗೇರಿತು, ಗುಮಟೆಯವನು ಗುಮಟೆಯನ್ನೇ ತಬ್ಬಿಕೊಂಡ. ಸುಕ್ರನಿಗೂ ಜೀವ ಬಂತು. ಮೀನು ಕೊಡೆ ಮಡಚಿ ಆಣೆ ಹಾಕಿತು, ಬೆಳಿಗ್ಗೆ ತಾನೇ ಬಲೆ ಬೀಸಿ ಹಿಡಿದ ಮನುಷ್ಯ ಇವನು, ಇನ್ನೂ ಮಾತಾಡುತ್ತಿದ್ದಾನೆ ಎಂದಿತು. ದಾಸ ಸುಮ್ಮನಿರುವವನೇ? ಬುಟ್ಟಿಯೊಳಗೆ ಪಟಪಟನೆ ಕೈಕಾಲು ಬಡಿದ. ಗಣಪಿ ಒಬ್ಬಳು ಸೆರಗು ಬಾಯಿಗೊತ್ತಿಕೊಂಡು ಗೋಡೆ ನೋಡುತ್ತಿದ್ದಳು. ತನ್ನನ್ನೇ ಅಣಕಿಸಿದ್ದಕ್ಕೆ ಸಿಟ್ಟೋ ನಗುವೋ, ಸುಕ್ರನಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಅಂಗಳದಲ್ಲೂ ಜನ ತಾವೇ ಸಾಲುಗಟ್ಟಿ ದಾಸನ ಕಿವಿ ಎತ್ತಿ ನೋಡಿದರು. ಕೊಪ್ಪದ ಕೊನೆಯ ಮನೆ ಮುಟ್ಟುವಾಗ ಅವನ ಕಿವಿ ಬಂಗಡೆಯ ಕಿವಿರಿನಷ್ಟೇ ಕೆಂಪಾಗಿತ್ತು. ಆಗ ಬಂದರು ಹಸನ್ ಬಾಪಾ ಸಾಹೇಬರು, ಟೋಪಿ ಸರಿಮಾಡಿಕೊಳ್ಳುತ್ತ. ಒಂದು ಗಳಿಗೆ ನೋಡಿ ಹಣೆ ಚಚ್ಚಿಕೊಂಡರು.

"ಅರೆ ಸುಕ್ರಾ, ಪೂರಾ ಉಲ್ಟಾ ಮಾಡಿದ್ಯಲ್ಲ. ಮನುಷ್ಯ ಮೀನು ತರೂದು ಮೊದ್ಲು."

ಸುಕ್ರ ಒಪ್ಪಲಿಲ್ಲ. ಸಾಹೇಬರೂ ಬಿಡಲಿಲ್ಲ. ಪುಸ್ತಕ ತರಿಸಿ ಒಬ್ಬರು ಬಲಗಡೆಯಿಂದ, ಒಬ್ಬ ಎಡಗಡೆಯಿಂದ ಹಿಡಿದು ಜಗ್ಗಾಡಿದರು. ಜನ ಅದನ್ನೂ ಹಗರಣವೆಂದೇ ತಿಳಿದು ನಕ್ಕರು. ಕಡೆಗೆ ಗೌಡ ನ್ಯಾಯ ಹೇಳಿದ. ಬರುವಾಗ ಸುಕ್ರನ ಕತೆಯಾಯಿತು, ತಿರುಗಿ ಹೋಗುವಾಗ ಸಾಹೇಬರ ಕತೆಯಾಗಲಿ.

ಹಾಗಾಗಿ ತಿರುಗಿ ಬರುವಾಗ ಬುಟ್ಟಿಯಲ್ಲಿ ಮೀನು, ಹೊರುವವನು ದಾಸ. ಆ ಬಡಕಲು ಮೈ ಸುಕ್ರನ ಭಾರ ಎಲ್ಲಿ ತಡೆಯಬೇಕು? ನಾಲ್ಕು ಹೆಜ್ಜೆಗೊಮ್ಮೆ ಇಳಿಸಿ ಏದುಸಿರು ಬಿಟ್ಟ. ಮುಂದಾಳ್ತನ ಅಂದರೆ ಇಷ್ಟು ಹೊರಬೇಕೆಂದು ತನಗೆ ಗೊತ್ತಿರಲಿಲ್ಲ, ಭಾವನೇ ಇಟ್ಟುಕೊಳ್ಳಲಿ ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಗೌಡ ತಲೆದೂಗಿದ. ಸುಕ್ರನ ಹಗುರಾದ ಮನಸ್ಸು ಬುಟ್ಟಿಯ ಭಾರವನ್ನೇನೂ ಕಡಿಮೆ ಮಾಡಲಿಲ್ಲ.

ದಾಸ ಕೊನೆಗೆ ಬುಟ್ಟಿ ಕುಕ್ಕಿದ್ದು ಸುಕ್ರನ ಮನೆಯ ಅಂಗಳದಲ್ಲಿ, ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದ ಗಣಪಿಯ ಸರಿಯಾಗಿ ಎದುರು. ಹಿಂದೆ ದೇವಿ, ಸಾಹೇಬರು, ಗೌಡ, ಇಡೀ ಕೊಪ್ಪ. ಗಣಪಿ ಜಗಲಿ ಇಳಿದು ಬಂದು ಕುಕ್ಕರಗಾಲಲ್ಲಿ ಕೂತಳು. ಅಡಿಕೆ ಹಾಳೆಯ ಕಿವಿರನ್ನು ಎರಡು ಬೆರಳಲ್ಲಿ ಎತ್ತಿದಳು. ಒಳಗೆ ಬೆವೆತು, ಕೆಂಪೇರಿ, ಹೆದರಿಕೊಂಡ ಗಂಡನ ಮುಖವಿತ್ತು. ಅವಳು ಮೂಸಿದಳು, ಮೂಗು ಮೇಲೆ ಮಾಡಿದಳು.

"ತಾಜಾ ಅಲ್ಲ," ಎಂದಳು. "ಇರ್ಲಿ, ನಮ್ಮನೆಗೇ ಹಾಕು."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಅಂಗಳದ ಮಣ್ಣಿನ ಮೇಲೆ ಕೂತುಬಿಟ್ಟು, ಕಿವಿರನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕಳು, ಬುಟ್ಟಿಯೊಳಗಿನ ಮೀನೂ ಅವಳ ಜೊತೆ ನಕ್ಕಿತು.